ರಿಸರ್ಚ್ ಪಾರ್ಕಿನಲ್ಲಿ ಜಾಗ ಹಿಡಿಯುವುದು ಹೇಗೆ: ಕಾಸರಗೋಡಿನ ಸಣ್ಣ ಉದ್ಯಮಿಗಳಿಗೆ ಸಮಗ್ರ ಮಾರ್ಗದರ್ಶಿ

ಕುಂಬಳೆಯ ಹುಡುಗನೊಬ್ಬ ರಿಸರ್ಚ್ ಪಾರ್ಕಿನಲ್ಲಿ, ಅಂದರೆ ಸಂಶೋಧನಾ ಸಂಸ್ಥೆಯ ಪಕ್ಕದಲ್ಲಿ ಉದ್ಯಮಗಳಿಗೆ ಕೊಡುವ ಜಾಗದಲ್ಲಿ, ಕೋಣೆ ಕೇಳಿ ಅರ್ಜಿ ಹಾಕಿದ್ದ. ಅದಕ್ಕೆ ಬಂದ ಇಮೇಲನ್ನು ಹಿಂದೊಮ್ಮೆ ನನಗೆ ತೋರಿಸಿದ. ಎರಡೇ ಸಾಲು. ಅರ್ಜಿಯಲ್ಲಿ ಸಂಶೋಧನೆಯ ಅಂಶ ಸ್ಪಷ್ಟವಾಗಿಲ್ಲ, ಸದ್ಯಕ್ಕೆ ಪರಿಗಣಿಸಲು ಆಗುವುದಿಲ್ಲ ಅಂತ. ಅವನ ಅರ್ಜಿ ತೆಗೆದು ನೋಡಿದೆ. ಮೊದಲ ಸಾಲಿನಲ್ಲೇ "500 ಚದರ ಅಡಿ ಜಾಗ ಬೇಕು" ಅಂತ ಇತ್ತು. ಆಮೇಲೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಪಿಕಪ್ ಗಾಡಿ ಬಾಗಿಲ ತನಕ ಬರುತ್ತದಾ ಅನ್ನುವ ಪ್ರಶ್ನೆಗಳು. ಅವನು ಏನನ್ನು ಕಂಡುಹಿಡಿಯಬೇಕು ಅಂತಿದ್ದಾನೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

"ಅಕ್ಕಾ, ಬಾಡಿಗೆ ಕೇಳಿದ್ದೇ ತಪ್ಪಾಯ್ತಾ?" ಅಂದ.

ಬಾಡಿಗೆ ಕೇಳುವುದು ತಪ್ಪಲ್ಲ. ಕೇಳಿದ ಹೊತ್ತು ತಪ್ಪು. ನಾನು ತೆಂಗಿನಕಾಯಿ ಚಿಪ್ಸ್ ಮಾಡುವ ಸಣ್ಣ ಘಟಕ ನಡೆಸುತ್ತೇನೆ. ಇಂಥ ಅರ್ಜಿಗಳನ್ನು ಓದಿ ಕೊಡಿ ಅಂತ ಬರುವವರು ಈಗ ಜಾಸ್ತಿ. ಬಹುತೇಕ ಎಲ್ಲರೂ ಎಡವುವುದು ಇದೇ ಕಡೆ. ಕೊನೆಗೆ ಕೇಳಬೇಕಾದ ಕೋಣೆಯನ್ನು ಮೊದಲು ಕೇಳುತ್ತಾರೆ. ಅದಕ್ಕೆ ಈ ಬರಹದಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಹಂತಗಳನ್ನು ಅದಲು ಬದಲು ಮಾಡಬೇಡಿ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ನೋಟ್‌ಬುಕ್, ಪ್ರತಿ ಪುಟಕ್ಕೂ ತಾರೀಕು ಹಾಕಿ. ನಿಮ್ಮ ಉತ್ಪನ್ನದ ಮೂರು ನಾಲ್ಕು ಮಾದರಿ, ಯಾವ ದಿನ ಮಾಡಿದ್ದು ಅಂತ ಚೀಟಿ ಅಂಟಿಸಿ. ಒಂದು ವರ್ಷದ ಖರ್ಚು ವೆಚ್ಚದ ಲೆಕ್ಕ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಜಾಗ ನೋಡಲು ಹೋಗುವಾಗ ಅಳತೆ ಟೇಪು ಮತ್ತು ನಿಮ್ಮ ಯಂತ್ರಗಳ ಪಟ್ಟಿ. ಆ ಪಟ್ಟಿಯಲ್ಲಿ ಪ್ರತಿ ಯಂತ್ರ ಎಷ್ಟು ಕಿಲೋವ್ಯಾಟ್, ಸಿಂಗಲ್ ಫೇಸೋ ತ್ರೀ ಫೇಸೋ ಅಂತ ಬರೆದಿರಬೇಕು. ಇದು ಯಾಕೆ ಅಂತ 7ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ನಿಮಗೆ ಬೇಕಾದ್ದು ರಿಸರ್ಚ್ ಪಾರ್ಕೇನಾ?

ಮೂರು ಬೇರೆ ಬೇರೆ ಜಾಗಗಳನ್ನು ಜನ ಒಂದೇ ಅಂದುಕೊಂಡಿದ್ದಾರೆ.

ಇಂಡಸ್ಟ್ರಿಯಲ್ ಎಸ್ಟೇಟ್ ಅಂದರೆ ಮಾಲು ತಯಾರಿಸುವ ಜಾಗ. ಸೀತಾಂಗೋಳಿಯಲ್ಲಿ ಕೇರಳ ಸರ್ಕಾರದ ಕೈಗಾರಿಕಾ ಸಂಸ್ಥೆ ಕಿನ್‌ಫ್ರಾದ ಪಾರ್ಕ್, ಅನಂತಪುರ, ವಿದ್ಯಾನಗರದ ಎಸ್ಟೇಟ್ ಇಂಥವು. ಅಲ್ಲಿ ನಿಮ್ಮ ಯಂತ್ರ ಏನು, ಎಷ್ಟು ಜನಕ್ಕೆ ಕೆಲಸ, ಎಷ್ಟು ಬಂಡವಾಳ ಅಂತ ಕೇಳುತ್ತಾರೆ.

ಇನ್‌ಕ್ಯುಬೇಟರ್ ಅಂದರೆ ಮೊಳಕೆ ಒಡೆಯುವ ಹಂತದ ಜಾಗ. ಒಂದು ಮೇಜು, ಲ್ಯಾಬಿನಲ್ಲಿ ಪಾಲು, ತಿಳಿದವರ ಸಲಹೆ. ಎರಡು ಮೂರು ವರ್ಷಕ್ಕೆ ಹೊರಡಬೇಕು.

ರಿಸರ್ಚ್ ಪಾರ್ಕ್ ಅಂದರೆ ನಡೆಯುತ್ತಿರುವ ಕಂಪನಿ ವಿಶ್ವವಿದ್ಯಾಲಯದ ಪಕ್ಕದಲ್ಲಿ ತನ್ನ ಸಂಶೋಧನೆಯ ಕೆಲಸ ಇಟ್ಟುಕೊಳ್ಳುವುದು. ಚೆನ್ನೈ ತರಮಣಿಯಲ್ಲಿ 2010ರಲ್ಲಿ ಶುರುವಾದ ಐಐಟಿ ಮದ್ರಾಸ್ ರಿಸರ್ಚ್ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿರುವ ಕಂಪನಿಗಳು ಬಾಡಿಗೆ ಕೊಟ್ಟರೆ ಸಾಕಾಗುವುದಿಲ್ಲ, ಕ್ರೆಡಿಟ್ ಗಳಿಸಬೇಕು. ಪ್ರಾಧ್ಯಾಪಕರ ಜೊತೆ ಜಂಟಿ ಸಂಶೋಧನೆ ಮಾಡಿದರೆ, ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ತೆಗೆದುಕೊಂಡರೆ ಕ್ರೆಡಿಟ್ ಸಿಗುತ್ತದೆ. ಎಷ್ಟು ಕ್ರೆಡಿಟ್ ಬೇಕು ಅನ್ನುವುದು ನೀವು ಹಿಡಿದ ಜಾಗದ ಮೇಲೆ ಹೋಗುತ್ತದೆ. ಇದನ್ನು ಓದಿದರೆ ಸಾಕು, ಪಾರ್ಕ್ ನಡೆಸುವವರಿಗೆ ನಿಮ್ಮಿಂದ ಬೇಕಾಗಿರುವುದು ಬಾಡಿಗೆಗಿಂತ ಕೆಲಸ ಅನ್ನುವುದು ಅರ್ಥವಾಗುತ್ತದೆ. ಇನ್‌ಕ್ಯುಬೇಟರ್‌ಗೂ ಇದೇ ಮಾತು, ಮುಂದೆ ಪಾರ್ಕ್ ಅಂದಲ್ಲೆಲ್ಲ ಅದೂ ಸೇರಿದೆ ಅಂದುಕೊಳ್ಳಿ.

ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಲ್ಯಾಬ್ ಇಲ್ಲದೆ ನನ್ನ ಯಾವ ಕೆಲಸ ನಿಂತುಹೋಗುತ್ತದೆ? ಉತ್ತರ ಸಿಗದಿದ್ದರೆ ನಿಮಗೆ ಬೇಕಾದ್ದು ಶೆಡ್. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಆರು ತಿಂಗಳು ಉಳಿಯುತ್ತದೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಂತ 2: ಒಂದು ಪುಟದ ಪ್ರಶ್ನೆ ಬರೆಯಿರಿ

ಇಡೀ ಕೆಲಸದ ಬೇರು ಇದು. ಇಲ್ಲಿ ಎರಡು ವಾರ ಹೋದರೂ ಪರವಾಗಿಲ್ಲ.

ಆ ಕುಂಬಳೆಯ ಹುಡುಗನ ಮನೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ. ಅವನ ಮೊದಲ ಅರ್ಜಿಯಲ್ಲಿ ಇದ್ದದ್ದು "ಪರಿಸರಸ್ನೇಹಿ ತಟ್ಟೆ ತಯಾರಿಸಿ ರಫ್ತು ಮಾಡುವ ಉದ್ದೇಶ". ಇದು ಆಸೆ, ಪ್ರಶ್ನೆಯಲ್ಲ. ನಾವಿಬ್ಬರೂ ಕೂತು ಮಾತಾಡಿದೆವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅಡಿಕೆ ಹಾಳೆಯ ತಟ್ಟೆಗಳಲ್ಲಿ ಆಹಾರ ಬಡಿಸುವುದು ಸುರಕ್ಷಿತವಲ್ಲ ಅಂದಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು, ಅಂದರೆ ದೇಹಕ್ಕೆ ಹಾನಿ ಮಾಡಬಲ್ಲ ರಾಸಾಯನಿಕಗಳು, ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಕಾರಣ. ನಮ್ಮ ಕಡೆಯ ತಟ್ಟೆ ಮಾಡುವವರಿಗೆಲ್ಲ ಅದು ದೊಡ್ಡ ಪೆಟ್ಟು. ಅದೇ ಹೊಡೆತದ ಒಳಗೆ ಅವನ ಪ್ರಶ್ನೆ ಇತ್ತು.

ಹೊಸ ಪುಟದಲ್ಲಿ ಹೀಗೆ ಬರೆದ: "ಬಿಸಿ ಸಾರು, ಹುಳಿ, ಎಣ್ಣೆ ಈ ಮೂರನ್ನು ಅರ್ಧ ಗಂಟೆ ಹಾಳೆತಟ್ಟೆಯಲ್ಲಿ ಇಟ್ಟರೆ ಅರೆಕೋಲಿನ್ ಊಟಕ್ಕೆ ಎಷ್ಟು ಇಳಿಯುತ್ತದೆ? ಹಾಳೆಯನ್ನು ನೆನೆಸುವ ನೀರು ಬದಲಿಸಿದರೆ, ನೆನೆಸುವ ಹೊತ್ತು ಹೆಚ್ಚಿಸಿದರೆ ಅದು ಕಡಿಮೆಯಾಗುತ್ತದಾ? ಕಡಿಮೆಯಾದರೆ ತಟ್ಟೆಗೆ ಬೀಳುವ ಹೆಚ್ಚಿನ ಖರ್ಚು ಎಷ್ಟು?" ಮೂರು ಸಾಲು. ಇದನ್ನು ಲ್ಯಾಬಿನವರು ಓದಿದರೆ ಯಾವ ಯಂತ್ರ ಬೇಕು, ಯಾರು ಮಾಡಬಹುದು, ಎಷ್ಟು ತಿಂಗಳು ಬೇಕು ಅಂತ ಅಲ್ಲೇ ಲೆಕ್ಕ ಹಾಕುತ್ತಾರೆ.

ನಿಮ್ಮ ಪುಟದಲ್ಲೂ ಅಳೆಯಬಹುದಾದ ಒಂದು ವಿಷಯ ಇರಲೇಬೇಕು. ಚಿಪ್ಸ್ ಎಷ್ಟು ದಿನ ಗರಿಗರಿಯಾಗಿ ಉಳಿಯುತ್ತದೆ, ಪಂಪು ಎಷ್ಟು ಕರೆಂಟು ತಿನ್ನುತ್ತದೆ, ಸಾಫ್ಟ್‌ವೇರ್ ಹತ್ತು ಕನ್ನಡ ಚೀಟಿಗಳಲ್ಲಿ ಎಷ್ಟನ್ನು ಸರಿಯಾಗಿ ಓದುತ್ತದೆ. ಅಳತೆ ಇಲ್ಲದಿದ್ದರೆ ಅದು ಸಂಶೋಧನೆ ಅನ್ನಿಸಿಕೊಳ್ಳುವುದಿಲ್ಲ.

ಇಲ್ಲಿ ಆಗುವ ತಪ್ಪು: ಐದು ಯೋಜನೆಗಳನ್ನು ಒಂದೇ ಪುಟಕ್ಕೆ ತುಂಬುವುದು. ಯಾವುದಾದರೂ ಒಂದು ಒಪ್ಪಿಗೆಯಾಗಲಿ ಅಂತ ಹಾಗೆ ಮಾಡುತ್ತಾರೆ. ಓದುವವರಿಗೆ ನಿಮಗೇ ಖಾತ್ರಿ ಇಲ್ಲ ಅನ್ನಿಸುತ್ತದೆ.

ಹಂತ 3: ಸಂಸ್ಥೆ ಆರಿಸಿ, ಆದರೆ ಗಡಿಯನ್ನು ಮರೆಯಬೇಡಿ

ತೆಂಗು, ಅಡಿಕೆ, ಕೊಕ್ಕೋ ಇವುಗಳ ಮೇಲೆ ನಿಮ್ಮ ಕೆಲಸ ಇದ್ದರೆ ದೂರ ಹೋಗುವುದು ಬೇಡ. ಕೂಡ್ಲಿನ ಸಿಪಿಸಿಆರ್‌ಐಯಲ್ಲಿ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ, ಕೃಷಿ ಉದ್ಯಮಗಳಿಗೆಂದೇ ಇನ್‌ಕ್ಯುಬೇಟರ್ ಇದೆ. ಅದು ವಿಶ್ವವಿದ್ಯಾಲಯ ಅಲ್ಲ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಸಂಸ್ಥೆ. ಆದರೂ ನಡೆಯುವ ರೀತಿ ಹೆಚ್ಚು ಕಡಿಮೆ ಇದೇ. ಕಲ್ಪರಸ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿರಸ), ತೆಂಗಿನ ಸಕ್ಕರೆ, ಚಿಪ್ಸ್, ವರ್ಜಿನ್ ತೆಂಗಿನೆಣ್ಣೆ ಇವುಗಳ ವಿಧಾನ ಅವರ ಬಳಿ ಇದೆ. ಅವರ ವಿಧಾನವನ್ನು ಬಳಸಬೇಕಾದರೆ ಶುಲ್ಕ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅದೇ ವಿಧಾನ ಬೇರೆಯವರಿಗೂ ಸಿಗುತ್ತದೆ. "ನನಗೊಬ್ಬನಿಗೇ" ಅಂದುಕೊಂಡು ಲೆಕ್ಕ ಹಾಕಬೇಡಿ.

ಜೀವರಸಾಯನ, ಸಸ್ಯವಿಜ್ಞಾನ, ಕೆಮಿಸ್ಟ್ರಿ, ಕಂಪ್ಯೂಟರ್ ವಿಷಯಗಳಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ. ಯಂತ್ರ, ಎಲೆಕ್ಟ್ರಾನಿಕ್ಸ್ ಆದರೆ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನ ವಿಭಾಗಗಳಲ್ಲಿ ಮೊದಲು ವಿಚಾರಿಸಿ. ಗಡಿ ದಾಟಿದರೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಉದ್ಯಮಿಗಳಿಗಾಗಿ ಇರುವ ತಂತ್ರಜ್ಞಾನ ಪಾರ್ಕ್ ಇದೆ, ಜನ ಅದನ್ನು ಸ್ಟೆಪ್ ಅನ್ನುತ್ತಾರೆ. ಕೇರಳ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳ ಖಾಲಿ ಜಾಗದಲ್ಲಿ ಕ್ಯಾಂಪಸ್ ಇಂಡಸ್ಟ್ರಿಯಲ್ ಪಾರ್ಕ್ ಮಾಡುವ ಯೋಜನೆಯನ್ನೂ ತಂದಿದೆ. ನಿಮ್ಮ ಹತ್ತಿರದ ಕಾಲೇಜು ಅದಕ್ಕೆ ಸೇರಿದೆಯಾ ಅಂತ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಈಗ ಗಡಿಯ ಮಾತು. ಮಂಜೇಶ್ವರದವರಿಗೆ ಮಂಗಳೂರು ಪಕ್ಕದ ಮನೆ ಇದ್ದಹಾಗೆ. ಆದರೆ ಕಾಗದದಲ್ಲಿ ಅದು ಬೇರೆ ರಾಜ್ಯ. ಕೇರಳದ ಜಿಎಸ್‌ಟಿ ನಂಬರ್ 32ರಿಂದ ಶುರುವಾಗುತ್ತದೆ, ಕರ್ನಾಟಕದ್ದು 29ರಿಂದ. ಎರಡೂ ಕಡೆಯಿಂದ ಮಾಲು ಹೊರಡುವುದಾದರೆ ಎರಡು ನೋಂದಣಿ, ಎರಡು ರಿಟರ್ನ್. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ಮಾಲು ಮಾರುವವರಿಗೆ ಜಿಎಸ್‌ಟಿ ಬೇಡ ಅನ್ನುವ ರಿಯಾಯಿತಿ ರಾಜ್ಯದ ಒಳಗೆ ಮಾರುವವರಿಗೆ. ತೆರಿಗೆ ಇರುವ ಮಾಲನ್ನು ಗಡಿಯ ತಲಪಾಡಿ ಗೇಟು ದಾಟಿಸಿ ಮಾರಿದರೆ ಸಾಮಾನ್ಯವಾಗಿ ಮೊದಲ ಬಿಲ್ಲಿನಿಂದಲೇ ನೋಂದಣಿ ಬೇಕು.

ಸರ್ಕಾರದ ಸಹಾಯಧನವೂ ಹಾಗೆಯೇ. ಕೇರಳ ಸ್ಟಾರ್ಟಪ್ ಮಿಷನ್‌ನ ನೆರವು ಕೇರಳದಲ್ಲಿ ನೋಂದಣಿಯಾದ ಕಂಪನಿಗೆ. ಕರ್ನಾಟಕದ ನೆರವು ಅಲ್ಲಿಯವರಿಗೆ. ಕಂಪನಿಯ ನೋಂದಾಯಿತ ಕಚೇರಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಬದಲಿಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಸಣ್ಣವರಿಗೆ ಅದು ತಲೆನೋವು. ಅದಕ್ಕೇ ಸಂಸ್ಥೆ ಯಾವುದು ಅಂತ ಮೊದಲು ತೀರ್ಮಾನಿಸಿ, ಕಂಪನಿ ಆಮೇಲೆ ಮಾಡಿ.

ಹಂತ 4: ಮನುಷ್ಯರನ್ನು ಹುಡುಕಿ

ಪಾರ್ಕಿನ ಆಫೀಸಿಗೆ ಹೋಗುವ ಮೊದಲು ನಿಮ್ಮ ಪ್ರಶ್ನೆಯ ಮೇಲೆ ಕೆಲಸ ಮಾಡುವ ವಿಜ್ಞಾನಿಯನ್ನೋ ಪ್ರಾಧ್ಯಾಪಕರನ್ನೋ ಹುಡುಕಿ. ಸಂಸ್ಥೆಯ ವೆಬ್‌ಸೈಟಿನಲ್ಲಿ ವಿಭಾಗದವರ ಹೆಸರು, ಅವರು ಬರೆದ ಲೇಖನಗಳ ಪಟ್ಟಿ ಇರುತ್ತದೆ. ಮೂರು ಜನರನ್ನು ಗುರುತು ಹಾಕಿಕೊಳ್ಳಿ. ಇಂಗ್ಲಿಷಿನಲ್ಲಿ ಹತ್ತು ಸಾಲಿನ ಇಮೇಲ್ ಬರೆಯಿರಿ, ಅವರಲ್ಲಿ ಹೆಚ್ಚಿನವರು ಬೇರೆ ರಾಜ್ಯದಿಂದ ಬಂದವರು. ನಿಮ್ಮ ಪ್ರಶ್ನೆ, ನೀವೇ ಮಾಡಿನೋಡಿದ ಪ್ರಯೋಗ, ಕೇಳುತ್ತಿರುವುದು ಅರ್ಧ ಗಂಟೆಯ ಭೇಟಿ. ಇಷ್ಟೇ. ಒಂದು ವಾರ ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಿರಿ. ಪರೀಕ್ಷೆಯ ಸಮಯ, ಬೇಸಿಗೆ ರಜೆ ನೋಡಿಕೊಳ್ಳಿ.

ಹೋಗುವಾಗ ಮಾದರಿಗಳನ್ನು ತೆಗೆದುಕೊಂಡು ಹೋಗಿ. ಕೆಟ್ಟುಹೋದದ್ದನ್ನೂ ತೆಗೆದುಕೊಂಡು ಹೋಗಿ. ನಾನು ಮೊದಲ ಸಲ ಹೋದಾಗ ಬೂಸಲು ಬಂದ ಚಿಪ್ಸ್ ಪ್ಯಾಕೆಟ್ ಮೇಜಿನ ಮೇಲೆ ಇಟ್ಟಿದ್ದೆ. ಎದುರು ಕೂತಿದ್ದ ವಿಜ್ಞಾನಿ ಚೆಂದದ ಪ್ಯಾಕೆಟ್ ಮುಟ್ಟಲಿಲ್ಲ. ಬೂಸಲಿನದ್ದನ್ನು ಬೆಳಕಿಗೆ ಹಿಡಿದು, ಸೀಲು ಹಾಕಿದ ಅಂಚನ್ನು ಉಗುರಿನಿಂದ ಎಳೆದು ನೋಡಿದರು. "ತೇವ ಒಳಗೆ ಬಂದದ್ದು ಇಲ್ಲಿಂದ" ಅಂದರು. ನಮ್ಮ ಮಾತು ಶುರುವಾದದ್ದೇ ಅಲ್ಲಿಂದ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮಲ್ಲಿ ನಿಜವಾಗಿ ಹೊಸದು ಏನಾದರೂ ಇದ್ದರೆ ಪೂರ್ತಿ ಬಿಚ್ಚಿ ಹೇಳುವ ಮೊದಲು ಪೇಟೆಂಟ್‌ಗೆ ಪ್ರಾಥಮಿಕ ಅರ್ಜಿ ಹಾಕಿ. ಕೇರಳ, ಕರ್ನಾಟಕ, ತಮಿಳುನಾಡಿನವರಿಗೆ ಚೆನ್ನೈಯ ಪೇಟೆಂಟ್ ಕಚೇರಿ, ಆನ್‌ಲೈನಿನಲ್ಲೇ ಹಾಕಬಹುದು. ವ್ಯಕ್ತಿಗಳಿಗೆ ಮತ್ತು ಸ್ಟಾರ್ಟಪ್‌ಗಳಿಗೆ ಶುಲ್ಕ ದೊಡ್ಡ ಕಂಪನಿಗಳಿಗಿಂತ ಬಹಳ ಕಡಿಮೆ. ಆಮೇಲೆ ಪೂರ್ಣ ಅರ್ಜಿಗೆ 12 ತಿಂಗಳು ಸಮಯ ಇದೆ. ಪತ್ರಿಕೆಯಲ್ಲಿ ಬಂದ, ಮೇಳದಲ್ಲಿ ತೋರಿಸಿದ, ವಿಡಿಯೋ ಹಾಕಿದ ವಿಷಯಕ್ಕೆ ಆಮೇಲೆ ಪೇಟೆಂಟ್ ಸಿಗುವುದು ಕಷ್ಟ. ಗಿಡಮೂಲಿಕೆ, ಸೂಕ್ಷ್ಮಾಣುಗಳ ಮೇಲಿನ ಕೆಲಸವಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನೂ ಕೇಳಿ ತಿಳಿದುಕೊಳ್ಳಿ.

ಹಂತ 5: ಕಂಪನಿಯ ಕಾಗದ

ಮಾಲೀಕರೊಬ್ಬರ ಹೆಸರಿನ ಅಂಗಡಿ ವ್ಯವಹಾರಕ್ಕೆ ಕೇಂದ್ರದ ಸ್ಟಾರ್ಟಪ್ ಮಾನ್ಯತೆ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಬೇಕು. ಇಬ್ಬರು ಮೂವರು ಸೇರಿ ಮಾಡುವುದಾದರೆ ಎಲ್‌ಎಲ್‌ಪಿ ನಡೆಸುವ ಖರ್ಚು ಕಡಿಮೆ. ಹೊರಗಿನವರಿಂದ ಬಂಡವಾಳ ತರುವ ಯೋಚನೆ ಇದ್ದರೆ ಪ್ರೈವೇಟ್ ಲಿಮಿಟೆಡ್ ಸರಿ.

"ಪಾರ್ಕಿನಲ್ಲಿ ಜಾಗ ಸಿಗದೆ ವಿಳಾಸ ಇಲ್ಲ, ವಿಳಾಸ ಇಲ್ಲದೆ ಕಂಪನಿ ಇಲ್ಲ, ಕಂಪನಿ ಇಲ್ಲದೆ ಜಾಗ ಇಲ್ಲ" ಅಂತ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ದಾರಿ ಸುಲಭ ಇದೆ. ಮನೆಯ ವಿಳಾಸದಲ್ಲೇ ನೋಂದಣಿ ಮಾಡಿ. ಕರೆಂಟು ಬಿಲ್ಲು ಮತ್ತು ಮನೆ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಪತ್ರ ಸಾಕು. ಜಾಗ ಸಿಕ್ಕಿದ ಮೇಲೆ ಕಂಪನಿಯ ವಿಳಾಸ ಬದಲಿಸಿದರೆ 30 ದಿನದ ಒಳಗೆ ತಿಳಿಸಿದರೆ ಆಯಿತು.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರಿ ಪೋರ್ಟಲಿನ ಹಾಗೇ ಕಾಣುವ ಜಾಲತಾಣಗಳು ದುಡ್ಡು ಕೇಳುತ್ತವೆ, ಕೊಡಬೇಡಿ. ಕಂಪ್ಯೂಟರ್ ಕಷ್ಟ ಆದರೆ ಅಕ್ಷಯ ಕೇಂದ್ರಕ್ಕೆ ಹೋಗಿ, ಅವರ ಸೇವಾ ಶುಲ್ಕ ಮಾತ್ರ ಕೊಡಿ. 2025ರ ಏಪ್ರಿಲ್‌ನಿಂದ ಯಂತ್ರಗಳ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿ ತನಕ ಇರುವ ಘಟಕ ಸೂಕ್ಷ್ಮ ಉದ್ಯಮ. ನಮ್ಮಲ್ಲಿ ಹೆಚ್ಚಿನವರೆಲ್ಲ ಅದರೊಳಗೇ ಬರುತ್ತೇವೆ.

ಹಂತ 6: ಅರ್ಜಿ ಮತ್ತು ಸಂದರ್ಶನ

ಅರ್ಜಿಯಲ್ಲಿ ಮೊದಲು ಪ್ರಶ್ನೆ, ಆಮೇಲೆ ಯಾರ ಜೊತೆ ಕೆಲಸ, ಆಮೇಲೆ ಯಾವ ಯಂತ್ರ ಯಾವ ಲ್ಯಾಬ್, ಆಮೇಲೆ ಹನ್ನೆರಡು ತಿಂಗಳಲ್ಲಿ ಏನಾಗಬೇಕು, ಆಮೇಲೆ ದುಡ್ಡು ಎಲ್ಲಿಂದ. ಎಷ್ಟು ಚದರ ಅಡಿ ಅನ್ನುವುದು ಕೊನೆಯ ಸಾಲು. ಪ್ರಾಧ್ಯಾಪಕರು "ಇವರ ಜೊತೆ ಕೆಲಸ ಮಾಡಲು ಒಪ್ಪಿದ್ದೇನೆ" ಅಂತ ಬರೆದ ಎರಡು ಸಾಲಿನ ಪತ್ರ ಲಗತ್ತಿಸಿ. ಅರ್ಜಿಯ ತೂಕ ಪೂರ್ತಿ ಬದಲಾಗುತ್ತದೆ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮಗೆ ಇಲ್ಲಿಯೇ ಯಾಕೆ ಬೇಕು?" ಮನೆಗೆ ಹತ್ತಿರ, ಬಾಡಿಗೆ ಕಡಿಮೆ ಅಂದರೆ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಹುಡುಗ ಎರಡನೇ ಸಲ ಅರ್ಜಿ ಹಾಕಿ ಹೋದಾಗ ಹೇಳಿದ್ದು ಹೀಗೆ: "ಸರ್, ಆಲ್ಕಲಾಯ್ಡ್ ಅಳೆಯುವ ಉಪಕರಣ ಇಲ್ಲಿದೆ, ಅಡಿಕೆ ಗೊತ್ತಿರುವವರು ಇಲ್ಲಿದ್ದಾರೆ, ಹಾಳೆ ನಮ್ಮ ತೋಟದಲ್ಲಿದೆ. ವಾರಕ್ಕೆ ಎರಡು ಸಲ ಹೊಸ ಮಾದರಿ ತರಬೇಕು, ದೂರ ಆದರೆ ಆಗುವುದಿಲ್ಲ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಎದುರು ಕೂತವರು ಅದೇ ವಿಷಯದಲ್ಲಿ ಕೂದಲು ಹಣ್ಣಾದವರು.

ಹಂತ 7: ಜಾಗ ನೋಡುವ ದಿನ

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ.

ಹಿಂದೆ ಒಂದು ಕೇಂದ್ರದಲ್ಲಿ ಕೋಣೆ ಸಿಕ್ಕಿದ ಖುಷಿಯಲ್ಲಿ ಗೋಡೆಯ ಬಣ್ಣ, ಕಿಟಕಿ ನೋಡಿ ಸಹಿ ಹಾಕಿದೆ. ನನ್ನ ಡ್ರೈಯರ್ 9 ಕಿಲೋವ್ಯಾಟಿನದ್ದು. ಕೋಣೆಯಲ್ಲಿ ಇದ್ದದ್ದು ಸಿಂಗಲ್ ಫೇಸ್, 16 ಆಂಪಿಯರಿನ ಎರಡು ಪ್ಲಗ್ಗು. ಅಂಥ ಒಂದು ಪ್ಲಗ್ಗಿನಿಂದ ಸುಮಾರು 3.6 ಕಿಲೋವ್ಯಾಟ್ ಎಳೆಯಬಹುದು ಅಷ್ಟೇ. 9 ಕಿಲೋವ್ಯಾಟನ್ನು ಒಂದೇ ಫೇಸಿನಲ್ಲಿ ಎಳೆದರೆ 39 ಆಂಪಿಯರ್ ಆಗುತ್ತದೆ, ಮೂರು ಫೇಸಿಗೆ ಹಂಚಿದರೆ ತಲಾ 13. ತ್ರೀ ಫೇಸ್ ಎಳೆಸಿಕೊಡುತ್ತೇವೆ ಅಂದಿದ್ದರು, ಬಾಯಿಮಾತಿನಲ್ಲಿ. ಐದು ತಿಂಗಳು ಬಾಡಿಗೆ ಕಟ್ಟುತ್ತಾ ಡ್ರೈಯರನ್ನು ಟಾರ್ಪಾಲ್ ಹೊದಿಸಿ ಇಟ್ಟಿದ್ದೆ. ಮಳೆಗಾಲ ಮುಗಿಯುವಾಗ ಡ್ರೈಯರಿನ ಒಳಗಿನ ತಟ್ಟೆಗಳ ಅಂಚಿಗೆ ತುಕ್ಕು ಹಿಡಿದಿತ್ತು.

ಅದಕ್ಕೇ ಹೇಳುವುದು, ಜಾಗ ನೋಡುವಾಗ ಹೀಗೆ ಮಾಡಿ. ಮೊದಲು ಕರೆಂಟಿನ ಬೋರ್ಡು ತೆರೆಸಿ. ಮಂಜೂರಾದ ಲೋಡ್ ಎಷ್ಟು, ಇಡೀ ಕಟ್ಟಡದ್ದೋ ನಿಮ್ಮ ಕೋಣೆಯದ್ದೋ, ಬೇರೆ ಮೀಟರ್ ಇದೆಯಾ, ಕರೆಂಟು ಹೋದರೆ ಜನರೇಟರ್ ಸಾಲು ನಿಮ್ಮ ಕೋಣೆಗೆ ಬರುತ್ತದಾ ಅಂತ ಕೇಳಿ. ಬರುವುದಿದ್ದರೆ ಯೂನಿಟ್‌ಗೆ ಎಷ್ಟು?

ಆಮೇಲೆ ನೀರು. ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಮುಖ್ಯ. ಹಾಳೆ ನೆನೆಸಿದ ನೀರು, ತೆಂಗಿನಕಾಯಿ ನೀರು ನಿಂತರೆ ಎರಡೇ ದಿನದಲ್ಲಿ ವಾಸನೆ. ಅದು ಎಲ್ಲಿ ಹೋಗಿ ಸೇರುತ್ತದೆ ಅಂತ ನಡೆದುಕೊಂಡೇ ಹೋಗಿ ನೋಡಿ.

ಬಾಗಿಲು, ಲಿಫ್ಟ್, ಮೆಟ್ಟಿಲಿನ ತಿರುವು ಅಳೆಯಿರಿ. ಯಂತ್ರ ಒಳಗೆ ಹೋಗದೆ ಹೊರಗೆ ಉಳಿದದ್ದನ್ನು ನೋಡಿದ್ದೇನೆ.

ಸಂಜೆ ಆರರ ಮೇಲೆ ಗೇಟು ತೆರೆಯುತ್ತಾರಾ? ಭಾನುವಾರ? ಹರತಾಳದ ದಿನ? ಹುದುಗು ಬರಿಸುವ, ಒಣಗಿಸುವ ಕೆಲಸಕ್ಕೆ ರಜೆ ಇಲ್ಲ. ಕೇಂದ್ರ ಸರ್ಕಾರದ ಕ್ಯಾಂಪಸ್ಸುಗಳಲ್ಲಿ ಪ್ರತಿ ಕೆಲಸಗಾರನಿಗೂ ಗೇಟ್‌ಪಾಸ್ ಬೇಕಾಗಬಹುದು, ಮೊದಲೇ ವಿಚಾರಿಸಿ.

ಸಾಧ್ಯ ಆದರೆ ಜೂನ್–ಜುಲೈಯಲ್ಲಿ ಒಮ್ಮೆ ಹೋಗಿ. ಗೋಡೆಗೆ ಅಂಗೈ ಒತ್ತಿ ನೋಡಿ. ನಮ್ಮ ಮಳೆಯಲ್ಲಿ ತೇವ ಎಳೆಯುವ ಗೋಡೆ ಇದ್ದರೆ ಹಾಳೆತಟ್ಟೆಯೂ ಉಳಿಯುವುದಿಲ್ಲ, ಎಲೆಕ್ಟ್ರಾನಿಕ್ಸೂ ಉಳಿಯುವುದಿಲ್ಲ.

ಈಗಾಗಲೇ ಅಲ್ಲಿರುವ ಒಂದಿಬ್ಬರ ಜೊತೆ ಚಹಾ ಕುಡಿಯಿರಿ, ಮ್ಯಾನೇಜರ್ ಇಲ್ಲದಾಗ. ಲ್ಯಾಬಿನ ಉಪಕರಣ ನಿಜವಾಗಿ ನಡೆಯುತ್ತದಾ, ಬುಕ್ ಮಾಡಿದರೆ ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ.

ಹಂತ 8: ಕರಾರು ಪತ್ರ

ಬಾಡಿಗೆ ಮಾತಾಡುವ ಹೊತ್ತು ಈಗ ಬಂತು. ಬಾಡಿಗೆಯ ಮೇಲೆ 18 ಶೇಕಡಾ ಜಿಎಸ್‌ಟಿ ಇರಬಹುದು, ಅದು ಸೇರಿಯೋ ಹೊರತಾಗಿಯೋ ಕೇಳಿ. ಲ್ಯಾಬ್ ಬಳಕೆ, ಶುಚಿತ್ವ, ಇಂಟರ್ನೆಟ್ ಇವುಗಳಿಗೆ ಬೇರೆ ಶುಲ್ಕ ಇದೆಯಾ? ವರ್ಷ ವರ್ಷ ಎಷ್ಟು ಏರುತ್ತದೆ?

ನಿಮಗೆ ಸಿಗುವುದು ಗೇಣಿ ಕರಾರೋ, ಸುಮ್ನೆ ಬಳಸುವ ಅನುಮತಿಯೋ ನೋಡಿ. ಇನ್‌ಕ್ಯುಬೇಟರ್‌ಗಳು ಹೆಚ್ಚಾಗಿ 11 ತಿಂಗಳ ಅನುಮತಿ ಕೊಡುತ್ತವೆ. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಬ್ಯಾಂಕ್ ಸಾಲ ಕೇಳುವವರು ಇದನ್ನು ಮೊದಲೇ ಬ್ಯಾಂಕಿನಲ್ಲಿ ಹೇಳಿ. ಸಾಲ ಐದು ವರ್ಷದ್ದು, ಜಾಗ 11 ತಿಂಗಳದ್ದು ಅಂದರೆ ಅವರು ಪ್ರಶ್ನೆ ಮಾಡುತ್ತಾರೆ.

ಇದಕ್ಕಿಂತ ದೊಡ್ಡದು ಸಂಶೋಧನೆಯ ಒಡೆತನ. ಜಂಟಿ ಕೆಲಸದಿಂದ ಬಂದ ಹೊಸ ವಿಧಾನ ಯಾರದ್ದು? ಪೇಟೆಂಟ್ ಯಾರ ಹೆಸರಿನಲ್ಲಿ? ನೀವು ಪಾರ್ಕ್ ಬಿಟ್ಟು ಹೋದ ಮೇಲೂ ಬಳಸಬಹುದಾ? ಪ್ರಾಧ್ಯಾಪಕರು ಲೇಖನ ಬರೆಯುವ ಮೊದಲು ನಿಮಗೆ ಎಷ್ಟು ದಿನ ಮುಂಚೆ ತೋರಿಸಬೇಕು? ಅವರಿಗೆ ಲೇಖನ ಬರೆಯುವುದು ಉಸಿರು, ಅದನ್ನು ತಡೆಯಲು ಹೋಗಬೇಡಿ. ಪೇಟೆಂಟ್ ಅರ್ಜಿ ಹಾಕುವ ತನಕ ಕಾಯಿರಿ ಅಂತ ಮಾತ್ರ ಬರೆಸಿಕೊಳ್ಳಿ. ನೀವು ಬರುವಾಗಲೇ ತಂದ ವಿದ್ಯೆ ಯಾವುದು ಅಂತ ಒಂದು ಪಟ್ಟಿ ಮಾಡಿ ಕರಾರಿಗೆ ಲಗತ್ತಿಸಿ. ಅದಕ್ಕೇ ಆ ತಾರೀಕು ಹಾಕಿದ ನೋಟ್‌ಬುಕ್ ಬೇಕು ಅಂದದ್ದು. ಕೆಲವು ಇನ್‌ಕ್ಯುಬೇಟರ್‌ಗಳು ಕಂಪನಿಯಲ್ಲಿ ಸಣ್ಣ ಪಾಲು ಕೇಳುತ್ತವೆ. ಬದಲಿಗೆ ಏನು ಕೊಡುತ್ತಾರೆ ಅಂತ ನೋಡಿ ತೀರ್ಮಾನಿಸಿ.

ಈ ಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಒಂದು ಸಲದ ಫೀಸು ಕೊಡುವುದು ದೊಡ್ಡದಲ್ಲ. ಬಾಯಲ್ಲಿ ಹೇಳಿದ್ದೆಲ್ಲ ಕಾಗದಕ್ಕೆ ಬರಲಿ, ತ್ರೀ ಫೇಸ್ ಕೂಡ.

ಹಂತ 9: ಪರವಾನಗಿಗಳು

ಕೇರಳ ಸರ್ಕಾರದ ಕೆ-ಸ್ವಿಫ್ಟ್ ಪೋರ್ಟಲಿನಲ್ಲಿ ಸ್ವಯಂ ಘೋಷಣೆ ಕೊಟ್ಟರೆ ಸ್ವೀಕೃತಿ ಪತ್ರ ಸಿಗುತ್ತದೆ. ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗಕ್ಕೆ ಸೇರದ ಸಣ್ಣ ಘಟಕಗಳು ಅದನ್ನು ಇಟ್ಟುಕೊಂಡು ರಾಜ್ಯದ ಅನುಮತಿಗಳಿಲ್ಲದೆ ಮೂರು ವರ್ಷ ಕೆಲಸ ಮಾಡಬಹುದು. ಆಮೇಲೆ ಆರು ತಿಂಗಳ ಒಳಗೆ ಎಲ್ಲಾ ಅನುಮತಿ ಪಡೆಯಬೇಕು. ಇದು 2019ರ ಕೇರಳದ ಕಾಯ್ದೆ. ಆದರೆ ಕೇಂದ್ರದ ಕಾನೂನುಗಳಿಗೆ ಇದು ಅನ್ವಯಿಸುವುದಿಲ್ಲ. ತಿನ್ನುವ ವಸ್ತು ಮಾಡುವವರು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇಲ್ಲದೆ ಒಂದು ಪ್ಯಾಕೆಟ್ ಕೂಡ ಮಾರಬೇಡಿ. ನೀರಾ ಇಳಿಸುವವರಿಗೆ ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕೇ ಬೇಕು, ಲ್ಯಾಬಿನ ಪ್ರಯೋಗಕ್ಕೆ ಅಂತ ಹೇಳಿದರೆ ಆಗುವುದಿಲ್ಲ.

ಪಂಚಾಯತು, ವಿಲ್ಲೇಜ್ ಆಫೀಸು ಮುಂತಾದ ರಾಜ್ಯದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗೆ ಕಾನೂನಿನಲ್ಲೇ ಇದೆ. ಮಲಯಾಳ ಬರೆಯಲು ಬಾರದೆ ಅರ್ಜಿ ಮುಂದೂಡಬೇಡಿ.

ಹಿಂದೆ ಸರಿಯಬೇಕಾದ ಸೂಚನೆಗಳು

ಕೋಣೆ ತೋರಿಸುತ್ತಾರೆ, ಲ್ಯಾಬ್ ತೋರಿಸಲು "ಇನ್ನೊಮ್ಮೆ ಬನ್ನಿ" ಅನ್ನುತ್ತಾರೆ. ಉಪಕರಣದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು. ಪ್ರಾಧ್ಯಾಪಕರು ಬರುವ ವರ್ಷ ನಿವೃತ್ತರಾಗುತ್ತಾರೆ, ಬದಲಿಗೆ ಯಾರೂ ಇಲ್ಲ. ಕರಾರಿನ ಪ್ರತಿ ಮನೆಗೆ ಕೊಂಡುಹೋಗಿ ಓದಲು ಬಿಡುವುದಿಲ್ಲ. ಸರ್ಕಾರದ ಗ್ರಾಂಟ್ ಕೊಡಿಸುತ್ತೇನೆ ಅಂತ ನಡುವೆ ಯಾರೋ ಬಂದು ಕಮಿಷನ್ ಕೇಳುತ್ತಾರೆ. ಈ ಕೊನೆಯದು ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಹಂತ 10: ಮೊದಲ ಮೂರು ತಿಂಗಳು, ಮತ್ತು ಹೊರಡುವ ತಯಾರಿ

ಒಳಗೆ ಹೋದ ಮೊದಲ ವಾರವೇ ಲ್ಯಾಬಿನ ಉಪಕರಣಕ್ಕೆ ಮೂರು ತಿಂಗಳ ಬುಕಿಂಗ್ ಹಾಕಿ. ಪ್ರಾಧ್ಯಾಪಕರ ಜೊತೆ ಹದಿನೈದು ದಿನಕ್ಕೊಮ್ಮೆ ಕೂತು ಮಾತಾಡುವ ದಿನ ಗೊತ್ತುಮಾಡಿ, ಆಡಿದ್ದನ್ನು ಅದೇ ಸಂಜೆ ಇಮೇಲ್ ಮಾಡಿ. ಎಂಎಸ್‌ಸಿ ಓದುವ ಒಬ್ಬರಿಗೆ ನಿಮ್ಮ ಪ್ರಶ್ನೆಯ ಒಂದು ತುಂಡನ್ನು ಪ್ರಾಜೆಕ್ಟ್ ಆಗಿ ಕೊಡಿ. ಅವರಿಗೆ ಓದು, ನಿಮಗೆ ಉತ್ತರ. ಹಾಳೆತಟ್ಟೆಯ ಹುಡುಗನ ಜೊತೆ ಈಗ ಪಡ್ರೆಯ ಕಡೆಯ ಒಬ್ಬಳು ವಿದ್ಯಾರ್ಥಿನಿ ಕೆಲಸ ಮಾಡುತ್ತಿದ್ದಾಳೆ. ಬೆಳಗ್ಗೆ ನೆನೆಸಿದ ಹಾಳೆಯ ನೀರನ್ನು ಗಂಟೆಗೊಮ್ಮೆ ಸಣ್ಣ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ಹೊತ್ತು ಬರೆದು ಸಾಲಾಗಿ ಇಡುತ್ತಾಳೆ. ಮೊದಲನೇ ಬಾಟಲಿ ಕಡು ಕಂದು, ಆರನೆಯದು ತಿಳಿ ಚಹಾ. ಬಣ್ಣ ತಿಳಿಯಾದರೆ ಅರೆಕೋಲಿನ್ ಕಡಿಮೆಯಾಗಿದೆ ಅಂತ ಅರ್ಥವಲ್ಲ, ಅದನ್ನು ಯಂತ್ರವೇ ಹೇಳಬೇಕು. ಅದಕ್ಕೇ ಅವರು ಅಲ್ಲಿರುವುದು.

ಪಾರ್ಕಿನಲ್ಲಿ ಶಾಶ್ವತವಾಗಿ ಇರಲು ಆಗುವುದಿಲ್ಲ. ಒಂದೂವರೆ ವರ್ಷ ಆಗುವಾಗಲೇ ಸೀತಾಂಗೋಳಿ, ಅನಂತಪುರಗಳಲ್ಲಿ ಶೆಡ್ ಖಾಲಿ ಇದೆಯಾ ಅಂತ ವಿಚಾರಿಸಲು ಶುರುಮಾಡಿ. ಹೊರಡುವಾಗ ಜಿಎಸ್‌ಟಿಯಲ್ಲಿ ವಿಳಾಸ ಬದಲಾವಣೆಗೆ 15 ದಿನದ ಒಳಗೆ ಅರ್ಜಿ ಹಾಕಬೇಕು. ಎಫ್‌ಎಸ್‌ಎಸ್‌ಎಐ ಕಾಗದ ಆ ಕೋಣೆಗೆ ಮಾತ್ರ ಕೊಟ್ಟದ್ದು, ಹೊಸ ಜಾಗದ್ದು ಕೈಗೆ ಬರುವ ತನಕ ಅಲ್ಲಿ ಒಲೆ ಹಚ್ಚಬೇಡಿ. ಅಡ್ವಾನ್ಸ್ ವಾಪಸ್ ಕೇಳುವಾಗ ತೋರಿಸಲು, ಒಳಗೆ ಬಂದ ದಿನವೇ ಗೋಡೆ, ನೆಲ, ಕರೆಂಟಿನ ಬೋರ್ಡು ಇವುಗಳ ಫೋಟೋ ತೆಗೆದು ಇಟ್ಟುಕೊಳ್ಳಿ.